ಒಂಬತ್ತು ಸೆಕೆಂಡಿನ ಗುಂಗು

ಕೇಳುಗರೆಲ್ಲರಿಗೂ ನಮಸ್ಕಾರ.

ಕೆನಡಾದ ಪಶ್ಚಿಮ ಕರಾವಳಿಯಲ್ಲಿ ವ್ಯಾಂಕೂವರ್ ಅಂತ ಒಂದು ದ್ವೀಪ ಇದೆ. ಅಲ್ಲಿ ನನೈಮೊ ಎಂಬ ಊರು. 1998ರಲ್ಲಿ ಆ ಊರಿನ ಡೀಡ್ರಿ ಲಕಾರ್ಟ್ ಎಂಬ ಕಲಾ ವಿದ್ಯಾರ್ಥಿನಿಗೂ ಅವರ ಸೋದರಿಗೂ ಗೆಳೆಯರೊಬ್ಬರಿಗೂ ಒಂದು ಪಂದ್ಯ ಬಿತ್ತು. ಯಾರು ಮಾಡಿದ ವೆಬ್ ಪುಟಕ್ಕೆ ಜಾಸ್ತಿ ಜನ ಬರುತ್ತಾರೆ, ನೋಡೇ ಬಿಡೋಣ ಅಂತ. ಲಕಾರ್ಟ್ ಅವರ ಮನೆಯಲ್ಲಿ ಒಂದು ಹ್ಯಾಮ್‌ಸ್ಟರ್ ಇತ್ತು. ಹ್ಯಾಮ್‌ಸ್ಟರ್ ಅಂದರೆ ಇಲಿಯ ಬಳಗದ ಪ್ರಾಣಿ, ಗಲ್ಲದ ತುಂಬ ಕಾಳು ತುಂಬಿಕೊಂಡು ಓಡಾಡುತ್ತದೆ. ಅದರ ಗೌರವಕ್ಕೆ ಅವರು ಒಂದು ಪುಟ ಕಟ್ಟಿದರು. ಪುಟದ ತುಂಬ ಸಾಲು ಸಾಲಾಗಿ ಕುಣಿಯುವ ಹ್ಯಾಮ್‌ಸ್ಟರ್‌ಗಳು. ಹಿಂದೆ ಒಂದು ಹಾಡು. ಅಷ್ಟೇ. ಓದಲಿಕ್ಕೆ ಏನೂ ಇಲ್ಲ, ಒತ್ತಲಿಕ್ಕೂ ಹೆಚ್ಚೇನಿಲ್ಲ. ಹೆಸರು ಹ್ಯಾಂಪ್‌ಸ್ಟರ್ ಡ್ಯಾನ್ಸ್. ಇಂಗ್ಲಿಷಿನ ಸ್ಪೆಲ್ಲಿಂಗಿನಲ್ಲಿ ಇಲ್ಲದ ಒಂದು ‘ಪಿ’ ಹೆಸರಿನಲ್ಲಿ ಸೇರಿಕೊಂಡಿತ್ತು. ಅದನ್ನು ಯಾರೂ ತೆಗೆಯಲಿಲ್ಲ.

ಆ ಹಾಡಿನ ಕಥೆ ಹೇಳಲೇಬೇಕು. 1973ರಲ್ಲಿ ಡಿಸ್ನಿಯವರು ರಾಬಿನ್ ಹುಡ್ ಕಥೆಯನ್ನು ಕಾರ್ಟೂನ್ ಸಿನಿಮಾ ಮಾಡಿದ್ದರು. ಅದರಲ್ಲಿ ಹೆಸರುಗಳು ತೋರಿಸುವ ಹೊತ್ತಿಗೆ ರೋಜರ್ ಮಿಲ್ಲರ್ ಎಂಬ ಅಮೆರಿಕದ ಗಾಯಕರು ಸಿಳ್ಳೆ ಹಾಕುತ್ತ, ಅರ್ಥವಿಲ್ಲದ ಅಕ್ಷರಗಳನ್ನು ಗುನುಗುತ್ತ ಹೋಗುತ್ತಾರೆ. ನಿಧಾನವಾದ, ಆರಾಮಾಗಿ ನಡೆದು ಹೋಗುವವನ ಹಾಡು ಅದು. ಅದರ ಒಂದು ಚೂರನ್ನು ಕತ್ತರಿಸಿ, ವೇಗ ಹೆಚ್ಚಿಸಿ ಈ ಪುಟಕ್ಕೆ ಹಾಕಿದರು. ಗಂಡಸಿನ ದನಿ ಕೀಚು ಕೀಚು ಅಂತ ಇಲಿಯ ದನಿ ಆಯಿತು. ಆ ಚೂರಿನ ಉದ್ದ ಸುಮಾರು 9 ಸೆಕೆಂಡ್. ಮುಗಿದ ಕೂಡಲೇ ಮತ್ತೆ ಮೊದಲಿಂದ. ಮತ್ತೆ ಮೊದಲಿಂದ. ಪುಟ ಮುಚ್ಚುವ ತನಕ ಬಿಡುವಿಲ್ಲ.

ಮೊದಲ ತಿಂಗಳುಗಳಲ್ಲಿ ಯಾರೂ ಅದನ್ನು ಅಷ್ಟಾಗಿ ನೋಡಲಿಲ್ಲ. 1999ರಲ್ಲಿ ಜನ ಇಮೇಲಿನಲ್ಲಿ ಒಬ್ಬರಿಂದೊಬ್ಬರಿಗೆ ಕಳಿಸಲು ಶುರು ಮಾಡಿದರು. ಆಫೀಸುಗಳಲ್ಲಿ ಪಕ್ಕದ ಮೇಜಿನವರ ಕಂಪ್ಯೂಟರಿನಲ್ಲಿ ಸದ್ದಿಲ್ಲದೆ ಇದನ್ನು ತೆರೆದಿಟ್ಟು, ಸದ್ದು ಜೋರು ಮಾಡಿ ಓಡಿಹೋಗುವುದು ಒಂದು ಆಟವೇ ಆಯಿತು. ಇಂಗ್ಲೆಂಡಿನಲ್ಲಿ ಕ್ಯೂಬನ್ ಬಾಯ್ಸ್ ಎಂಬ ತಂಡ ಇದೇ ಧಾಟಿ ಹಿಡಿದು ಒಂದು ಹಾಡು ಮಾಡಿತು. ಬಿಬಿಸಿ ರೇಡಿಯೊ ಒನ್‌ನಲ್ಲಿ ಜಾನ್ ಪೀಲ್ ಎಂಬ ನಿರೂಪಕರು ಅದನ್ನು ಹಾಕಿದರು. ಕೇಳುಗರು ಮತ್ತೆ ಹಾಕಿ, ಮತ್ತೆ ಹಾಕಿ ಅಂದರು. 1999ರ ಕ್ರಿಸ್ಮಸ್ ಹೊತ್ತಿಗೆ ಅದು ಬ್ರಿಟನ್ನಿನ ಹಾಡುಗಳ ಪಟ್ಟಿಯಲ್ಲಿ 4ನೇ ಸ್ಥಾನಕ್ಕೆ ಏರಿತ್ತು. ನೋಡಿ, ಇಲ್ಲೂ ರೇಡಿಯೊ ಕೈ ಇದೆ. ಮರುವರ್ಷ ಕೆನಡಾದಲ್ಲೂ ಹ್ಯಾಮ್‌ಸ್ಟರ್ ಹೆಸರಲ್ಲೇ ಒಂದು ಹಾಡು ಬಂದು ಮೊದಲ ಸ್ಥಾನ ಹಿಡಿಯಿತು.

ವೆಬ್‌ನ ಚರಿತ್ರೆ ಹೇಳುವವರು ಈ ಪುಟವನ್ನು ಒಂದು ತಮಾಷೆ ಅಂತ ಹೇಳಿ ಮುಂದೆ ಹೋಗುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ವೆಬ್ ವಿನ್ಯಾಸವನ್ನು ತಾನೇ ಕಲಿಯಬೇಕು ಅನ್ನುವವರಿಗೆ ಇದಕ್ಕಿಂತ ಒಳ್ಳೆಯ ಮೊದಲ ಪಾಠ ಸಿಗುವುದು ಕಷ್ಟ. ಅದು ಯಾಕೆ ಅಂತ ಹೇಳುವ ಮೊದಲು ಹಾಡು ತಲೆಗೆ ಹತ್ತುವುದು ಹೇಗೆ ಅಂತ ಸ್ವಲ್ಪ ನೋಡೋಣ.

ಬೆಳಿಗ್ಗೆ ಎಲ್ಲೋ ಕೇಳಿದ ಒಂದು ಸಾಲು. ಸ್ನಾನ ಮಾಡುವಾಗ ಅದೇ, ಬಸ್ಸಲ್ಲಿ ಅದೇ, ಮೀಟಿಂಗಿನಲ್ಲೂ ಅದೇ. ಹಾಡು ಇಷ್ಟ ಇರಬೇಕು ಅಂತಲೂ ಇಲ್ಲ. ಫಿನ್‌ಲ್ಯಾಂಡಿನಲ್ಲಿ ಇಂಟರ್ನೆಟ್ ಬಳಸುವ ಸುಮಾರು 12,000 ಜನರನ್ನು ಕೇಳಿದಾಗ, ಹತ್ತರಲ್ಲಿ ಒಂಬತ್ತು ಮಂದಿ ವಾರಕ್ಕೊಮ್ಮೆಯಾದರೂ ನಮಗೆ ಹೀಗೆ ಆಗುತ್ತದೆ ಅಂದರಂತೆ. ಹಾಗಾಗಿ ನಿಮಗೊಬ್ಬರಿಗೇ ಬಂದ ಕಾಯಿಲೆ ಇದು ಅಂತ ಹೆದರಬೇಡಿ. ನಮ್ಮ ಆಕಾಶವಾಣಿಯ ಆರಂಭದ ಸಂಗೀತವನ್ನೇ ನೆನೆಸಿಕೊಳ್ಳಿ. ತಂಬೂರಿ ಶ್ರುತಿಯ ಮೇಲೆ ಪಿಟೀಲು. ಚೆಕ್ ನಾಡಿನಿಂದ ಬಂದ ಯೆಹೂದಿ ಸಂಗೀತಗಾರ ವಾಲ್ಟರ್ ಕೌಫ್‌ಮನ್ 1936ರಲ್ಲಿ ಮಾಡಿದ್ದು. ಹೆಸರು ಹೇಳಿದ್ದೇ ತಡ, ಎಷ್ಟೋ ಜನರ ತಲೆಯಲ್ಲಿ ಅದು ಈಗಾಗಲೇ ಶುರುವಾಗಿರುತ್ತದೆ, ಅಲ್ವಾ? ಕ್ಷಮಿಸಿ.

ಎಂಥ ಹಾಡು ಹೀಗೆ ಅಂಟುತ್ತದೆ? ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯದ ಕೆಲ್ಲಿ ಯಾಕುಬೊವ್ಸ್ಕಿ ಮತ್ತು ಜೊತೆಯವರು ಸುಮಾರು 3,000 ಜನ ಹೆಸರಿಸಿದ ಹಾಡುಗಳನ್ನು ಅಳೆದು ನೋಡಿದರು. ಅಂಟುವ ಹಾಡು ಸ್ವಲ್ಪ ಚುರುಕಾಗಿರುತ್ತದೆ. ಅದರ ಧಾಟಿ ನಮಗೆ ಮೊದಲೇ ಪರಿಚಯ ಇರುವಂಥದ್ದು. ಮಕ್ಕಳ ಹಾಡಿನ ಹಾಗೆ ಮೇಲೆ ಹೋಗಿ ಕೆಳಗೆ ಇಳಿಯುತ್ತದೆ. ಆದರೆ ಒಂದು ಕಡೆ ಮಾತ್ರ ನಿರೀಕ್ಷೆ ಮಾಡದ ಜಿಗಿತ, ಇಲ್ಲವೇ ಒಂದೇ ಸ್ವರ ಅತಿಯಾಗಿ ಮತ್ತೆ ಮತ್ತೆ. ಪೂರ್ತಿ ಹಳತಾದರೆ ಮನಸ್ಸು ಗಮನ ಕೊಡುವುದಿಲ್ಲ, ಪೂರ್ತಿ ಹೊಸತಾದರೆ ಹಿಡಿಯಲು ಆಗುವುದಿಲ್ಲ. ಮಿಲ್ಲರ್ ಹಾಡಿನ ವೇಗ ಹೆಚ್ಚಿಸಿದ್ದರಿಂದ ಏನಾಯಿತು ಅಂತ ಈಗ ಗೊತ್ತಾಯಿತಲ್ಲ. ಹಳೆಯ ಗುನುಗು ಚುರುಕಾಯಿತು.

ಇನ್ನೊಂದು ಕಾರಣ ಇದೆ ಅಂತ ಹೇಳುತ್ತಾರೆ. ಬ್ಲೂಮಾ ಝೈಗಾರ್ನಿಕ್ ಎಂಬ ಮನಶ್ಶಾಸ್ತ್ರಜ್ಞೆ 1927ರಲ್ಲಿ ಬರ್ಲಿನ್ನಿನ ತಮ್ಮ ಪ್ರಯೋಗಗಳನ್ನು ಪ್ರಕಟಿಸಿದರು. ಮುಗಿಸಿದ ಕೆಲಸಕ್ಕಿಂತ ಅರ್ಧಕ್ಕೆ ನಿಲ್ಲಿಸಿದ ಕೆಲಸ ನೆನಪಲ್ಲಿ ಹೆಚ್ಚು ಉಳಿಯುತ್ತದೆ ಅನ್ನುವುದು ಅವರ ಮಾತು. ಆಮೇಲಿನ ಪ್ರಯೋಗಗಳಲ್ಲಿ ಪ್ರತಿ ಸಲವೂ ಹಾಗೇ ಬಂದಿಲ್ಲ, ಅದನ್ನೂ ಹೇಳಬೇಕು. ಆದರೆ ಹಾಡಿನ ಮಟ್ಟಿಗೆ ನನಗೆ ಇದು ಒಪ್ಪುತ್ತದೆ. ತಲೆಯಲ್ಲಿ ಸುತ್ತುವುದು ಪೂರ್ತಿ ಹಾಡು ಅಲ್ಲ, ಪಲ್ಲವಿಯ ಒಂದು ಚೂರು. ಚರಣ ಬಾಯಿಗೆ ಬರುವುದಿಲ್ಲ, ಅದಕ್ಕೇ ಮತ್ತೆ ಪಲ್ಲವಿಗೆ ಓಡುತ್ತೇವೆ. ಅಮೆರಿಕದ ಡಾರ್ಟ್‌ಮತ್ ಕಾಲೇಜಿನವರು 2005ರಲ್ಲಿ ಇದರ ಹತ್ತಿರದ್ದೇ ಒಂದನ್ನು ಮಿದುಳಿನ ಸ್ಕ್ಯಾನಿನಲ್ಲಿ ಕಂಡರು. ಗೊತ್ತಿರುವ ಹಾಡಿನ ನಡುವೆ ಕೆಲವು ಸೆಕೆಂಡ್ ಸದ್ದು ನಿಲ್ಲಿಸಿದರೆ, ಕೇಳುವುದಕ್ಕಿರುವ ಮಿದುಳಿನ ಭಾಗ ಸುಮ್ಮನಾಗುವುದಿಲ್ಲ. ಖಾಲಿ ಜಾಗವನ್ನು ತಾನೇ ತುಂಬಿಸುತ್ತದೆ. ಹ್ಯಾಮ್‌ಸ್ಟರ್ ಹಾಡಿನಲ್ಲಿ ಚರಣವೇ ಇಲ್ಲ. ಮುಗಿಯುವ ದಾರಿಯೇ ಇಲ್ಲ.

ಬಿಡಿಸಿಕೊಳ್ಳಬೇಕೆಂದರೆ? ಹಾಡನ್ನು ಕೊನೆಯ ತನಕ ಒಂದು ಸಲ ಪೂರ್ತಿ ಕೇಳಿ ಎನ್ನುತ್ತಾರೆ. ಇಂಗ್ಲೆಂಡಿನ ರೆಡಿಂಗ್ ವಿಶ್ವವಿದ್ಯಾಲಯದವರು 2015ರಲ್ಲಿ ಚೂಯಿಂಗ್ ಗಮ್ ಅಗಿದರೆ ಕಾಟ ಕಡಿಮೆ ಆಗುತ್ತದೆ ಅಂತ ತೋರಿಸಿದರು. ಒಳಗೇ ಹಾಡಿಕೊಳ್ಳುವಾಗಲೂ ಮಾತಿಗೆ ಬೇಕಾದ ವ್ಯವಸ್ಥೆಯನ್ನೇ ನಾವು ಬಳಸುತ್ತೇವಂತೆ, ದವಡೆ ಬೇರೆ ಕೆಲಸದಲ್ಲಿದ್ದರೆ ಅದಕ್ಕೆ ಅಡ್ಡಿ. ಎಲೆ ಅಡಿಕೆಗೂ ಈ ಗುಣ ಇದೆಯೋ ಏನೋ. ನಮ್ಮ ಮಲೆನಾಡಿನಲ್ಲಿ ಯಾರಾದರೂ ಪ್ರಯೋಗ ಮಾಡಿ ನೋಡಬಹುದು.

ಈಗ ಪುಟಕ್ಕೆ ಬರೋಣ. ಆ ಪುಟದಲ್ಲಿ ಕುಣಿಯುವ ಹ್ಯಾಮ್‌ಸ್ಟರ್‌ಗಳು 400ಕ್ಕೆ ಹತ್ತಿರ. ಆದರೆ ಬೇರೆ ಬೇರೆ ಚಿತ್ರಗಳು ನಾಲ್ಕೇ ನಾಲ್ಕು. ಅವನ್ನೇ ಮತ್ತೆ ಮತ್ತೆ ಹಾಕಿದ್ದು. ಹಾಡಲ್ಲೂ ಅದೇ ಉಪಾಯ, ಚಿತ್ರದಲ್ಲೂ ಅದೇ ಉಪಾಯ. ಒಂದು ಚೂರು, ಪದೇ ಪದೇ. ಚಿತ್ರಗಳು ಗಿಫ್ ಮಾದರಿಯವು. ಗಿಫ್ ಅನ್ನು 1987ರಲ್ಲಿ ಕಂಪ್ಯೂಸರ್ವ್ ಕಂಪನಿ ಮಾಡಿತು. ಕೊನೆ ಇಲ್ಲದೆ ಸುತ್ತುವ ಶಕ್ತಿ ಅದಕ್ಕೆ ಬಂದದ್ದು ಆಮೇಲೆ, ನೆಟ್‌ಸ್ಕೇಪ್ ಬ್ರೌಸರಿನ ಎರಡನೇ ಆವೃತ್ತಿಯಿಂದ. ಹಾಡು ಸುತ್ತಿಸಲಿಕ್ಕೂ ಆ ಕಾಲದಲ್ಲಿ ಒಂದೇ ಒಂದು ಸಾಲು ಸಾಕಾಗಿತ್ತು. ಇಂಟರ್ನೆಟ್ ಎಕ್ಸ್‌ಪ್ಲೋರರ್‌ಗೆ ಬಿಜಿಸೌಂಡ್ ಅನ್ನುವ ಟ್ಯಾಗ್, ಅಂದರೆ ಬ್ರೌಸರಿಗೆ ಕೊಡುವ ಒಂದು ಸೂಚನೆ, ಬರೆದು, ಪಕ್ಕದಲ್ಲಿ ಲೂಪ್ ಅಂತ ಹೇಳಿದರೆ ಆಯಿತು.

ಹೀಗಾಗಿ ಇಂಥ ಪುಟ ನೋಡಿದವರು ಮೌಸಿನ ಬಲ ಗುಂಡಿ ಒತ್ತಿ ‘ವ್ಯೂ ಸೋರ್ಸ್’, ಅಂದರೆ ಪುಟದ ಹಿಂದಿನ ಕೋಡ್ ತೋರಿಸು, ಎಂದು ಕೇಳಿದರೆ, ಇಡೀ ಗುಟ್ಟು ಕಣ್ಣೆದುರಿಗೇ ಬಂದು ಬೀಳುತ್ತಿತ್ತು. ಓದಿ ಅರ್ಥ ಮಾಡಿಕೊಳ್ಳಲು ಎಂಜಿನಿಯರಿಂಗ್ ಬೇಕಾಗಿರಲಿಲ್ಲ. ಪಕ್ಕದ ಮನೆಯ ರಂಗೋಲಿ ನೋಡಿ, ಚುಕ್ಕಿ ಎಣಿಸಿಕೊಂಡು ಬಂದು, ನಮ್ಮ ಬಾಗಿಲಲ್ಲಿ ಹಾಕಿದ ಹಾಗೆ. ಬಿಡಿ ಬಿಡಿಯಾಗಿ ನಕಲು ಮಾಡಿ, ಚಿತ್ರ ಬದಲಿಸಿ, ಬಣ್ಣ ಬದಲಿಸಿ, ಕೆಡಿಸಿ, ಸರಿ ಮಾಡಿ ಒಂದು ಇಡೀ ಪೀಳಿಗೆ ವೆಬ್ ಕಲಿತದ್ದು ಹೀಗೆ. ಇದು ಸಾಧ್ಯವಾದದ್ದು ಎರಡು ಕಾರಣಕ್ಕೆ. ಟಿಮ್ ಬರ್ನರ್ಸ್ ಲೀ ವೆಬ್ ಕಟ್ಟಿದ ಸರ್ನ್ ಸಂಸ್ಥೆ 1993ರ ಏಪ್ರಿಲ್ 30ರಂದು ಅದನ್ನು ಯಾರು ಬೇಕಾದರೂ ಬಿಟ್ಟಿಯಾಗಿ ಬಳಸಲಿ ಅಂತ ಬಿಟ್ಟುಕೊಟ್ಟಿತು. ಎರಡನೆಯದು ಜಿಯೊಸಿಟೀಸ್‌ನಂಥ ತಾಣಗಳು. ದುಡ್ಡು ಕೇಳದೆ ಜಾಗ ಕೊಟ್ಟವು. ಹ್ಯಾಮ್‌ಸ್ಟರ್ ಪುಟದ ಮನೆಯೂ ಮೊದಲು ಜಿಯೊಸಿಟೀಸೇ. 2009ರಲ್ಲಿ ಯಾಹೂ ಅದನ್ನು ಮುಚ್ಚಿತು.

ಕಸದಂಥ ಪುಟಗಳೂ ಬೇಕಾದಷ್ಟಿದ್ದವು, ಒಪ್ಪುತ್ತೇನೆ. ಮಿಣುಕುವ ಅಕ್ಷರ, ಓಡುವ ಅಕ್ಷರ, ತೆರೆದ ಕೂಡಲೇ ಕಿರುಚುವ ಸಂಗೀತ. ಕೇಳದೆ ಸದ್ದು ಮಾಡುವ ಪುಟಗಳಿಗೆ ಕ್ರೋಮ್ ಬ್ರೌಸರ್ ಲಗಾಮು ಹಾಕಿದ್ದು 2018ರಲ್ಲಿ. ಒಳ್ಳೆಯದೇ ಮಾಡಿತು. ಆದರೆ ಆ ಕಸದಲ್ಲಿ ಕಲಿಯುವವರಿಗೆ ಒಂದು ಧೈರ್ಯ ಇತ್ತು. ಇಷ್ಟು ನನ್ನಿಂದಲೂ ಆಗುತ್ತದೆ ಅನ್ನುವ ಧೈರ್ಯ. ಇವತ್ತು ದೊಡ್ಡ ತಾಣವೊಂದರ ವ್ಯೂ ಸೋರ್ಸ್ ತೆರೆದು ನೋಡಿ. ಖಾಲಿ ಜಾಗವನ್ನೆಲ್ಲ ಹಿಂಡಿ ತೆಗೆದ, ಯಂತ್ರಕ್ಕೆ ಮಾತ್ರ ತಿಳಿಯುವ ಒಂದೇ ಉದ್ದ ಸಾಲು. ಕಲಿಯಲು ಬಂದವರು ಅಲ್ಲೇ ಹೆದರುತ್ತಾರೆ. ಹೆದರಿ, ಹತ್ತಾರು ಗಂಟೆಯ ವಿಡಿಯೊ ಪಾಠಗಳಿಗೆ ಹೋಗುತ್ತಾರೆ. ನೋಡುತ್ತ ನೋಡುತ್ತ ಎಲ್ಲ ಗೊತ್ತಾದ ಹಾಗೆ ಇರುತ್ತದೆ. ಖಾಲಿ ನೋಟ್‌ಪ್ಯಾಡ್ ತೆರೆದಾಗ ಕೈ ಓಡುವುದಿಲ್ಲ.

ಇಲ್ಲಿ ಹಾಡಿನ ಸಂಶೋಧನೆಯೇ ಒಂದು ಸುಳಿವು ಕೊಡುತ್ತದೆ. ಅಮೆರಿಕದ ಇರಾ ಹೈಮನ್ ಮತ್ತು ಜೊತೆಯವರು ಜನರಿಗೆ ಹಾಡು ಕೇಳಿಸಿ, ಆಮೇಲೆ ಸುಡೋಕುವಿನಂಥ ಒಗಟು ಕೊಟ್ಟರು. ಕೆಲಸ ತೀರ ಸುಲಭ ಆದಾಗ ಹಾಡು ತಲೆಗೆ ನುಗ್ಗಿತು. ಅದು ಸರಿ. ತೀರ ಕಷ್ಟ ಆದಾಗಲೂ ನುಗ್ಗಿತು. ಮನಸ್ಸು ಕೈ ಚೆಲ್ಲಿ ಅಲೆಯಲು ಹೋಗುತ್ತದೆ, ಆಗ ಹಾಡು ಸಿಗುತ್ತದೆ. ಹಿಡಿತಕ್ಕೆ ಸಿಗುವಷ್ಟು ಕಷ್ಟ ಇದ್ದಾಗ ಮಾತ್ರ ಹಾಡು ದೂರ. ಕೋಡ್ ಕಲಿಯುವವರು ಇದನ್ನೇ ಅಳತೆ ಮಾಡಿಕೊಳ್ಳಬಹುದು. ಟೈಪ್ ಮಾಡುತ್ತಿರುವಾಗ ಬೆಳಗಿನ ಜಾಹೀರಾತಿನ ಹಾಡು ತಲೆಯಲ್ಲಿ ಶುರುವಾದರೆ, ಒಂದೋ ಸುಮ್ನೆ ನಕಲು ಮಾಡುತ್ತಿದ್ದೀರಿ, ಇಲ್ಲ ನಿಮ್ಮ ಮಟ್ಟ ಮೀರಿದ್ದಕ್ಕೆ ಕೈ ಹಾಕಿದ್ದೀರಿ. ಕೆಲಸವನ್ನು ಚಿಕ್ಕದು ಮಾಡಿ, ಇಲ್ಲವೇ ಒಂದು ಮೆಟ್ಟಿಲು ಮೇಲೆ ಹೋಗಿ.

ಹಾಗಾಗಿ ಇವತ್ತೂ ಕಲಿಯಲು ಬರುವವರಿಗೆ ನಾನು ಹೇಳುವುದು, ಆ ಹ್ಯಾಮ್‌ಸ್ಟರ್ ಪುಟವನ್ನು ನೀವೇ ಕಟ್ಟಿ. ಮೊದಲು ಒಂದು ಚಿತ್ರ, ಇಮೇಜ್ ಟ್ಯಾಗ್ ಬರೆದು ಹಾಕಿ. ಅದೇ ಸಾಲನ್ನು ನಲವತ್ತು ಸಲ ಕಾಪಿ ಮಾಡಿ. ಬೇಜಾರು ಬರುತ್ತದೆ. ಬರಲಿ. ಆ ಬೇಜಾರಿನಲ್ಲೇ ಸಿಎಸ್‌ಎಸ್ ಕಲಿಯಿರಿ. ಹೋಕನ್ ವಿಯಮ್ ಲೀ ಎಂಬವರು 1994ರಲ್ಲಿ ಸಿಎಸ್‌ಎಸ್ ಸಲಹೆ ಕೊಟ್ಟದ್ದು ಪುಟದ ಅಂದವನ್ನು ಒಂದೇ ಕಡೆ ಬರೆದಿಡಲಿಕ್ಕೆ. ಅದರಲ್ಲಿರುವ ಗ್ರಿಡ್ ಎಂಬ ಚೌಕಳಿ ಬಳಸಿ ಸಾಲು ಜೋಡಿಸಿ, ಫೋನಿನಲ್ಲಿ ಮೂರು, ಕಂಪ್ಯೂಟರಿನಲ್ಲಿ ಹತ್ತು ಬರುವ ಹಾಗೆ. ಇನ್ನೊಂದು ಮೆಟ್ಟಿಲಿಗೆ ಜಾವಾಸ್ಕ್ರಿಪ್ಟ್, ಪುಟಕ್ಕೆ ಕೆಲಸ ಹೇಳುವ ಪ್ರೋಗ್ರಾಮಿಂಗ್ ಭಾಷೆ. ನಲವತ್ತು ಸಾಲನ್ನು ಅಳಿಸಿ, ನಾಲ್ಕೇ ಸಾಲಿನಲ್ಲಿ ನಲವತ್ತು ಹ್ಯಾಮ್‌ಸ್ಟರ್ ಕುಣಿಸಿ. ಆ ಅಳಿಸುವ ಸಂತೋಷ ಯಾವ ವಿಡಿಯೊ ಪಾಠದಲ್ಲೂ ಸಿಗದು.

ಹ್ಯಾಮ್‌ಸ್ಟರ್ ಬೇಡ ಅಂದರೆ ಕನ್ನಡದ್ದೇ ಮಾಡಿ. ನೀವೇ ಬರೆದ ನಾಲ್ಕು ಸಾಲು ಪಲ್ಲವಿ, ನೀವೇ ಹಾಡಿದ ಒಂದು ಚೂರು. ಇಲ್ಲಿ ಇಂಗ್ಲಿಷ್ ಪಾಠಗಳು ಹೇಳಿಕೊಡದ ಕೆಲವು ತಾಪತ್ರಯ ಎದುರಾಗುತ್ತವೆ. 1996ರಲ್ಲಿ ಪವನಜ ಅವರು ವಿಶ್ವಕನ್ನಡ ಎಂಬ ಪತ್ರಿಕೆಯನ್ನು ಅಂತರಜಾಲಕ್ಕೆ ತಂದ ಕಾಲದಲ್ಲಿ ಅಕ್ಷರ ಮೂಡಿಸುವುದೇ ಸಾಹಸ. ಓದುವವರ ಕಂಪ್ಯೂಟರಿನಲ್ಲಿ ಸರಿಯಾದ ಫಾಂಟ್ ಇಲ್ಲದಿದ್ದರೆ ಕನ್ನಡದ ಜಾಗದಲ್ಲಿ ಏನೇನೋ ಗೀಚು. ಎಲ್ಲ ಭಾಷೆಯ ಅಕ್ಷರಗಳಿಗೂ ಒಂದೇ ಸಂಕೇತ ಪದ್ಧತಿಯಾದ ಯುನಿಕೋಡ್ ಬಂದು ಆ ತೊಂದರೆ ಹೋಯಿತು. ಉಳಿದದ್ದು ಒತ್ತಕ್ಷರ. ಇಂಗ್ಲಿಷಿಗೆ ಸಾಕಾಗುವ ಸಾಲಿನ ಅಂತರ ನಮಗೆ ಸಾಲದು. ‘ರಾಷ್ಟ್ರ’ದಂಥ ಪದದಲ್ಲಿ ಕೆಳಗಿನ ಒತ್ತು ಮುಂದಿನ ಸಾಲಿನ ತಲೆಗೆ ತಾಗುತ್ತದೆ, ಗುಂಡಿಯ ಒಳಗಿದ್ದರೆ ಅರ್ಧ ಕತ್ತರಿಸಿಯೇ ಹೋಗುತ್ತದೆ. ಲೈನ್ ಹೈಟ್ ಅನ್ನು 1.6ರ ಹತ್ತಿರ ಇಡಿ. ಲೆಟರ್ ಸ್ಪೇಸಿಂಗ್ ಮುಟ್ಟಬೇಡಿ, ಅಕ್ಷರಗಳ ನಡುವೆ ಕಂದಕ ಬಿದ್ದು ಓದಲು ಕಷ್ಟ. ಪುಟದ ಆರಂಭದ ಎಚ್‌ಟಿಎಂಎಲ್ ಟ್ಯಾಗಿನಲ್ಲಿ ಭಾಷೆ ‘ಕೆಎನ್’ ಅಂತ ಬರೆಯಿರಿ. ಕಣ್ಣು ಕಾಣದವರಿಗೆ ಪುಟ ಓದಿ ಹೇಳುವ ತಂತ್ರಾಂಶ ಆಗ ಕನ್ನಡದ ದನಿ ಹುಡುಕಿಕೊಳ್ಳುತ್ತದೆ.

ಹಾಡಿಗೆ ಆಡಿಯೊ ಟ್ಯಾಗ್ ಇದೆ. ಬಿಜಿಸೌಂಡ್ ಹೋಗಿ ಎಷ್ಟೋ ಕಾಲವಾದರೂ ಲೂಪ್ ಅನ್ನುವ ಪದ ಅದರಲ್ಲಿ ಹಾಗೇ ಉಳಿದಿದೆ. ಬೇಕಾದರೆ ಹಾಕಿಕೊಳ್ಳಿ. ಆದರೆ ಕಂಟ್ರೋಲ್ಸ್ ಅನ್ನುವ ಇನ್ನೊಂದು ಪದವನ್ನು ಪಕ್ಕದಲ್ಲಿ ಬರೆಯಲು ಮರೆಯಬೇಡಿ. ಅದಿದ್ದರೆ ನಿಲ್ಲಿಸುವ ಗುಂಡಿ ಬರುತ್ತದೆ. ಪರೀಕ್ಷೆಗೆ ಓದುವ ಮಕ್ಕಳು ಮನೆಯಲ್ಲಿದ್ದರೆ ಹೆಡ್‌ಫೋನ್ ಕೂಡ ಹುಡುಕಿಟ್ಟುಕೊಳ್ಳಿ.

ನಮಸ್ಕಾರ.