ಮೂರು ಸಾವಿರದೊಳಗೆ ರೋಬೋ ಹುಟ್ಟುಹಬ್ಬ

ಕೇಳುಗರೆಲ್ಲರಿಗೂ ನಮಸ್ಕಾರ.

ಮಗುವಿಗೆ ಏಳು ತುಂಬುತ್ತದೆ, ಈ ಸಲದ ಹುಟ್ಟುಹಬ್ಬಕ್ಕೆ ರೋಬೋನೇ ಬೇಕು ಅಂತ ಹಟ. ಅಂಗಡಿಗೆ ಹೋದರೆ ರೋಬೋ ಚಿತ್ರದ ತಟ್ಟೆ, ಲೋಟ, ಟೋಪಿ, ಬ್ಯಾನರು, ಬೆಳ್ಳಿ ಬಣ್ಣದ ಬಲೂನು, ಜೊತೆಗೆ ಬಂದ ಮಕ್ಕಳಿಗೆಲ್ಲ ರಿಟರ್ನ್ ಗಿಫ್ಟು. ಎಲ್ಲ ಕೂಡಿಸಿದರೆ ತಿಂಗಳ ದಿನಸಿಯ ದುಡ್ಡು ಆಯಿತು. ಅಷ್ಟು ಕೊಟ್ಟರೂ ಅದರಲ್ಲಿ ಅಲ್ಲಾಡುವ ವಸ್ತು ಒಂದೂ ಇರುವುದಿಲ್ಲ. ರೋಬೋ ಅಂದಮೇಲೆ ಅದು ಓಡಾಡಬೇಕು, ಮಗು ಕೇಳುತ್ತಿರುವುದೂ ಅದನ್ನೇ. ಆದ್ದರಿಂದ ಅಲಂಕಾರದ ದುಡ್ಡನ್ನು ಕಡಿಮೆ ಮಾಡಿ, ಪ್ರತಿ ಮಗುವೂ ತನ್ನ ಕೈಯಾರೆ ಮಾಡಿ ಮನೆಗೆ ಒಯ್ಯುವ ಒಂದು ಪುಟ್ಟ ರೋಬೋಗೆ ಹಾಕಿ. ಅದೇ ಆಟ, ಅದೇ ಉಡುಗೊರೆ. ಬೇರೆ ರಿಟರ್ನ್ ಗಿಫ್ಟು ಬೇಕಿಲ್ಲ.

ಇವತ್ತಿನ ಲೆಕ್ಕ ಹನ್ನೆರಡು ಮಕ್ಕಳಿಗೆ, ಎರಡು ಗಂಟೆಗೆ, ಸುಮಾರು 3000 ರೂಪಾಯಿಗೆ. ರೋಬೋ ಸಾಮಾನಿಗೆ 1250, ಕೇಕಿಗೆ 600, ತಿಂಡಿಗೆ 850, ಅಲಂಕಾರ ಮತ್ತು ಚಿಲ್ಲರೆ ಖರ್ಚಿಗೆ 300. ಊರಿಂದ ಊರಿಗೆ ಬೆಲೆ ಸ್ವಲ್ಪ ಆಚೀಚೆ ಆದೀತು. ಕಾಗದ, ಪೆನ್ನು ಹತ್ತಿರ ಇಟ್ಟುಕೊಳ್ಳಿ.

ಮೊದಲು ಆ ರೋಬೋ. ಇದು ನಡುಗುತ್ತಾ ಕಾಗದದ ಮೇಲೆ ಸುತ್ತಿ ಸುತ್ತಿ ಗೀಚುತ್ತದೆ. ಗೀಚುಬುರುಕ ಅಂತ ಹೆಸರಿಟ್ಟರೆ ಮಕ್ಕಳಿಗೆ ಖುಷಿ. ಒಂದಕ್ಕೆ ಬೇಕಾದದ್ದು ಇಷ್ಟು: ಅರ್ಧ ಕೆಜಿ ಮೊಸರಿನ ಖಾಲಿ ಪ್ಲಾಸ್ಟಿಕ್ ಡಬ್ಬಿ, ಒಂದು ಆಟಿಕೆ ಮೋಟರು, ಎರಡು ಪೆನ್ಸಿಲ್ ಸೆಲ್ಲು, ಎರಡು ಸೆಲ್ಲು ಹಿಡಿಸುವ ಹೋಲ್ಡರು, ಮೂರು ಸ್ಕೆಚ್ ಪೆನ್ನು, ಪೆನ್ಸಿಲ್ ಗೆರೆ ಅಳಿಸುವ ಒಂದು ರಬ್ಬರು, ಟೇಪು. ಹನ್ನೆರಡು ಮಕ್ಕಳಿಗೆ ಹನ್ನೆರಡೇ ಮೋಟರು ತಂದರೆ ಸಾಲದು. ಹದಿನೈದು ಮೋಟರು, ಹದಿನಾಲ್ಕು ಹೋಲ್ಡರು, ಇಪ್ಪತ್ತೆಂಟು ಸೆಲ್ಲು ತನ್ನಿ. ಒಂದೆರಡು ಮೋಟರು ಅಂಗಡಿಯಿಂದಲೇ ಸತ್ತು ಬಂದಿರುತ್ತವೆ, ಒಂದೆರಡರ ಕಿವಿ, ಅಂದರೆ ವೈರು ಸಿಕ್ಕಿಸುವ ತಾಮ್ರದ ತಗಡು, ಮುರಿಯುತ್ತದೆ. ಸ್ಕೆಚ್ ಪೆನ್ನು ಹನ್ನೆರಡರ ಮೂರು ಪ್ಯಾಕೆಟ್ ಸಾಕು. ಮೊಸರಿನ ಡಬ್ಬಿಗೆ ಒಂದು ತಿಂಗಳ ಮುಂಚೆಯೇ ಅಕ್ಕಪಕ್ಕದ ಮನೆಯವರಿಗೆ ಹೇಳಿಡಿ.

ಮೋಟರು ಕೊಳ್ಳುವಾಗ ಹುಷಾರು. ನಿಮಗೆ ಬೇಕಾದದ್ದು ಮೂರು ವೋಲ್ಟಿಗೆ ಜೋರಾಗಿ ತಿರುಗುವ, ಹೆಬ್ಬೆರಳಿನಷ್ಟು ಗಾತ್ರದ, ಎರಡು ಬದಿ ಚಪ್ಪಟೆಯಾದ ಬೆಳ್ಳಿ ಬಣ್ಣದ ಮೋಟರು. ಅಂಗಡಿಯಲ್ಲಿ ಟಾಯ್ ಮೋಟರ್ ಅಂದರೆ ಕೊಡುತ್ತಾರೆ, ಇಪ್ಪತ್ತೈದು ರೂಪಾಯಿಯ ಆಸುಪಾಸು. ರೋಬೋ ಮಾಡುತ್ತೀವಿ ಅಂದುಬಿಟ್ಟರೆ ಹಳದಿ ಪ್ಲಾಸ್ಟಿಕ್ ಕವಚದ ಗೇರ್ ಮೋಟರು ತೆಗೆದುಕೊಡುತ್ತಾರೆ. ಅದು ಬೇಡ. ಬೆಲೆಯೂ ಜಾಸ್ತಿ, ಒಳಗಿನ ಗೇರಿನಿಂದಾಗಿ ನಿಧಾನವಾಗಿ ತಿರುಗುತ್ತದೆ, ನಡುಕವೇ ಬರುವುದಿಲ್ಲ. ಹನ್ನೆರಡು ವೋಲ್ಟಿನ ಮೋಟರೂ ಎರಡು ಸೆಲ್ಲಿಗೆ ಮಿಸುಕಾಡುವುದಿಲ್ಲ. ಬೆಂಗಳೂರಿನವರಿಗೆ ಎಸ್.ಪಿ. ರಸ್ತೆ ಇದೆ, ಭಾನುವಾರ ಬಿಟ್ಟು ಹೋಗಿ. ಬೇರೆ ಊರಿನಲ್ಲಿ ಶಾಲಾ ಪ್ರಾಜೆಕ್ಟಿನ ಸಾಮಾನು ಮಾರುವ ಸ್ಟೇಷನರಿ ಅಂಗಡಿಯಲ್ಲೋ ರೇಡಿಯೋ, ಟಿವಿ ರಿಪೇರಿ ಅಂಗಡಿಯಲ್ಲೋ ವಿಚಾರಿಸಿ. ಮನೆಯಲ್ಲಿ ಕೆಟ್ಟು ಬಿದ್ದ ಆಟಿಕೆ ಕಾರಿನೊಳಗೂ ಸಾಮಾನ್ಯವಾಗಿ ಇದೇ ಮೋಟರು ಇರುತ್ತದೆ.

ಗುಂಡಿಯಂಥ ಚಪ್ಪಟೆ ಸೆಲ್ಲು ಚಿಕ್ಕದು, ಹಗುರ ಅಂತ ಅನೇಕರು ಅದನ್ನು ತರುತ್ತಾರೆ. ದಯವಿಟ್ಟು ತರಬೇಡಿ. ಮಗು ಅದನ್ನು ನುಂಗಿದರೆ ಎರಡೇ ಗಂಟೆಯೊಳಗೆ ಅನ್ನನಾಳವನ್ನು ಸುಟ್ಟುಬಿಡಬಲ್ಲದು. ಹುಟ್ಟುಹಬ್ಬಕ್ಕೆ ಬಂದ ಮಕ್ಕಳ ಜೊತೆ ಎರಡು ವರ್ಷದ ತಮ್ಮನೋ ತಂಗಿಯೋ ಬಂದೇ ಬರುತ್ತದೆ. ಪೆನ್ಸಿಲ್ ಸೆಲ್ಲೇ ಸರಿ.

ಹಿಂದಿನ ರಾತ್ರಿ ದೊಡ್ಡವರು ಮಾಡಿಡಬೇಕಾದ ಕೆಲಸ ಮೂರು. ಮೊದಲನೆಯದು, ಡಬ್ಬಿಗಳನ್ನು ಬಿಸಿನೀರು, ಸೋಪು ಹಾಕಿ ಉಜ್ಜಿ ಒಣಗಿಸುವುದು. ಮೊಸರಿನ ಜಿಡ್ಡು ಉಳಿದರೆ ಯಾವ ಟೇಪೂ ಅಂಟುವುದಿಲ್ಲ, ಮರುದಿನ ರೋಬೋಗಳ ಪೆನ್ನಿನ ಕಾಲು ಒಂದೊಂದಾಗಿ ಕಳಚಿ ಬೀಳುತ್ತವೆ. ಎರಡನೆಯದು, ಹೋಲ್ಡರಿನ ವೈರುಗಳನ್ನು ಮೋಟರಿಗೆ ಜೋಡಿಸುವುದು. ವೈರಿನ ತುದಿಯ ಸಿಪ್ಪೆಯನ್ನು ಒಂದೂವರೆ ಸೆಂಟಿಮೀಟರ್ ಬಿಡಿಸಿ, ಮೋಟರಿನ ತಾಮ್ರದ ಕಿವಿಯ ತೂತಿನೊಳಗೆ ತೂರಿಸಿ, ಮೂರು ಸುತ್ತು ಹೊಸೆದು, ಮೇಲೆ ಟೇಪು ಸುತ್ತಿ. ಬೆಸುಗೆ ಹಾಕಲು ಬರುವವರು ಹಾಕಿದರೆ ಇನ್ನೂ ಒಳ್ಳೆಯದು. ಆ ಕಿವಿ ತೀರಾ ತೆಳು. ಎರಡು ಮೂರು ಸಲ ಆಚೀಚೆ ಬಗ್ಗಿಸಿದರೆ ಪಟ್ಟನೆ ಮುರಿಯುತ್ತದೆ, ಆಮೇಲೆ ಆ ಮೋಟರು ಕಸಕ್ಕೇ. ಅದಕ್ಕೇ ಈ ಕೆಲಸ ಮಕ್ಕಳ ಕೈಗೆ ಬೇಡ. ಮೂರನೆಯದು, ಎಲ್ಲ ಮೋಟರಿಗೂ ಸೆಲ್ಲು ಹಾಕಿ ಒಮ್ಮೆ ತಿರುಗಿಸಿ ನೋಡಿ ತೆಗೆದಿಡುವುದು.

ಇನ್ನು ರಬ್ಬರು. ಇಡೀ ರೋಬೋದ ಗುಟ್ಟು ಈ ತುಂಡಿನಲ್ಲಿದೆ. ಎರಡು ಸೆಂಟಿಮೀಟರ್ ಉದ್ದದ ರಬ್ಬರ್ ತುಂಡು ಕತ್ತರಿಸಿ, ಕೈವಾರದ ಮೊನೆಯಿಂದ ತೂತು ಮಾಡಿ ಮೋಟರಿನ ಕಡ್ಡಿಗೆ ಸಿಕ್ಕಿಸಬೇಕು. ತೂತು ನಟ್ಟನಡುವೆ ಬಿದ್ದರೆ ರಬ್ಬರು ಫ್ಯಾನಿನ ಹಾಗೆ ನುಣ್ಣಗೆ ತಿರುಗುತ್ತದೆ, ರೋಬೋ ನಿಂತಲ್ಲೇ ನಿಂತಿರುತ್ತದೆ. ತೂತು ತುದಿಯಿಂದ ಅರ್ಧ ಸೆಂಟಿಮೀಟರ್ ಒಳಗಿರಲಿ. ಆಗ ಭಾರವೆಲ್ಲ ಒಂದೇ ಬದಿಗೆ ಬೀಳುತ್ತದೆ, ಪ್ರತಿ ಸುತ್ತಿಗೂ ಮೋಟರನ್ನು ಒಂದೊಂದು ದಿಕ್ಕಿಗೆ ಜಗ್ಗುತ್ತದೆ. ಆ ಜಗ್ಗಾಟಕ್ಕೇ ರೋಬೋ ಕುಣಿಯುವುದು. ಕಡ್ಡಿಯ ದಪ್ಪ ಎರಡೇ ಮಿಲಿಮೀಟರ್, ತೂತು ಅದಕ್ಕಿಂತ ಸಣ್ಣದಿರಬೇಕು. ದೊಡ್ಡದಾದರೆ ರಬ್ಬರು ಹಾರಿ ಯಾರದೋ ಮುಖಕ್ಕೆ ಬಡಿಯುತ್ತದೆ.

ಮಕ್ಕಳು ಮಾಡುವ ಕೆಲಸ ಸುಲಭ. ಡಬ್ಬಿಯನ್ನು ಬೋರಲು ಹಾಕುವುದು. ಸುತ್ತ ಮೂರು ಸ್ಕೆಚ್ ಪೆನ್ನುಗಳನ್ನು ಸಮ ದೂರದಲ್ಲಿ, ಮೊನೆ ಡಬ್ಬಿಯ ಅಂಚಿಗಿಂತ ಮೂರು ಸೆಂಟಿಮೀಟರ್ ಕೆಳಗೆ ಬರುವಂತೆ ಟೇಪಿನಿಂದ ಅಂಟಿಸುವುದು. ಮೇಲೆ ಮೋಟರನ್ನು ಮಲಗಿಸಿ, ಅದರ ಕಡ್ಡಿ ಡಬ್ಬಿಯ ಆಚೆಗೆ ಚಾಚಿಕೊಳ್ಳುವಂತೆ ಟೇಪು ಸುತ್ತುವುದು. ಪಕ್ಕದಲ್ಲೇ ಸೆಲ್ಲಿನ ಹೋಲ್ಡರು. ಬೋರಲು ಹಾಕಿದ ಡಬ್ಬಿ ಕೆಳಗೆ ಹೋಗುತ್ತಾ ಅಗಲವಾಗುತ್ತದೆ, ಆದ್ದರಿಂದ ರಬ್ಬರು ತಿರುಗುವಾಗ ಡಬ್ಬಿಗೆ ತಾಗುತ್ತದೆಯೇ ಅಂತ ಬೆರಳಿನಿಂದ ಒಂದು ಸುತ್ತು ತಿರುಗಿಸಿ ನೋಡಿಸಿ. ತಾಗಿ ಮೋಟರು ನಿಂತುಬಿಟ್ಟರೆ ವೈರೂ ಸೆಲ್ಲೂ ಬಿಸಿಯಾಗುತ್ತವೆ. ಸ್ಪಂಜು ಇರುವ ಡಬಲ್ ಸೈಡ್ ಟೇಪು ಇಲ್ಲಿ ಬೇಡ, ಸ್ಪಂಜು ನಡುಕವನ್ನೆಲ್ಲ ಕುಡಿದುಬಿಡುತ್ತದೆ. ಪೇಪರ್ ಲೋಟವೂ ಬೇಡ, ಎರಡು ಸೆಲ್ಲಿನ ಭಾರಕ್ಕೆ ಮಗುಚಿಕೊಳ್ಳುತ್ತದೆ. ಕಣ್ಣು, ಬಾಯಿ, ಕೊಂಬು ಮಕ್ಕಳ ಇಷ್ಟ. ಪೆನ್ನಿನ ಕ್ಯಾಪು ತೆಗೆಯುವುದು ಕಟ್ಟಕಡೆಗೆ, ಇಲ್ಲದಿದ್ದರೆ ಕಣ್ಣು ಮೂಗು ಅಂಟಿಸುವಷ್ಟರಲ್ಲಿ ಮೊನೆ ಒಣಗಿರುತ್ತದೆ. ಉದ್ದ ಕೂದಲಿನ ಮಕ್ಕಳಿಗೆ ಜಡೆ ಬಿಗಿದು ಕಟ್ಟಿ.

ನೆಲಕ್ಕೆ ಹಳೆಯ ಪೇಪರು ಹಾಸಿ, ಅದರ ಮೇಲೆ ಎರಡೆರಡು ಬಿಳಿ ಡ್ರಾಯಿಂಗ್ ಶೀಟು ಜೋಡಿಸಿ ಮೂರು ಕಡೆ ಅಂಟಿಸಿ, ಒಂದೊಂದು ಕಡೆ ನಾಲ್ಕು ಮಕ್ಕಳು. ಜೋಡಣೆಯ ಟೇಪು ಅಡಿಯಿಂದ ಇರಲಿ, ಮೇಲಿದ್ದರೆ ಪೆನ್ನು ಎಡವುತ್ತದೆ. ಒಂದು ರೋಬೋ ಬರೀ ಒಂದೇ ಕಡೆ ಸುತ್ತು ಹೊಡೆದರೆ ಅದು ಕೆಟ್ಟಿಲ್ಲ, ಒಂದು ಕಾಲು ಗಿಡ್ಡ ಅಷ್ಟೇ. ಆ ಕಾಲನ್ನು ಸ್ವಲ್ಪ ಇಳಿಸಿದರೆ ದಾರಿ ಬದಲಾಗುತ್ತದೆ. ಇದನ್ನು ನೀವು ಮಾಡಿಕೊಡಬೇಡಿ, ಮಗುವೇ ಕಾಲು ಏರಿಸಿ ಇಳಿಸಿ ನೋಡಲಿ. ಆ ಹತ್ತು ನಿಮಿಷ ಮಕ್ಕಳ ಮುಖ ನೋಡಬೇಕು!

ಅಲಂಕಾರಕ್ಕೆ ಬಾಗಿಲ ಬಳಿ ಒಂದೇ ಒಂದು ದೊಡ್ಡ ರೋಬೋ ಸಾಕು. ದಿನಸಿ ಅಂಗಡಿಯಿಂದ ಒಂದು ದೊಡ್ಡ, ಒಂದು ಚಿಕ್ಕ ರಟ್ಟಿನ ಪೆಟ್ಟಿಗೆ, ಕಣ್ಣಿಗೆ ಹಳೆಯ ಸಿಡಿ, ಗುಂಡಿಗಳಿಗೆ ಬಾಟಲಿ ಮುಚ್ಚಳ. ಮೈಗೆ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲು. ಫಾಯಿಲನ್ನು ಫೆವಿಕಾಲ್ ಬಳಿದು ಅಂಟಿಸಿದರೆ ಬೇಗ ಒಣಗದೆ ಜಾರುತ್ತಿರುತ್ತದೆ, ಯಾಕೆಂದರೆ ಅಂಟಿನಲ್ಲಿರುವ ನೀರು ಫಾಯಿಲಿನಿಂದಾಚೆ ಆರಲಾರದು. ಅಂಚನ್ನು ಪೆಟ್ಟಿಗೆಯ ಒಳಗೆ ಮಡಚಿ ಟೇಪು ಹಾಕಿ. ಸುತ್ತುವ ಮೊದಲು ಫಾಯಿಲನ್ನು ಮೆಲ್ಲಗೆ ಮುದುರಿ ಬಿಡಿಸಿದರೆ ಆಮೇಲೆ ಬೀಳುವ ಸುಕ್ಕು ಎದ್ದು ಕಾಣುವುದಿಲ್ಲ. ಮಕ್ಕಳ ತಲೆಗೆ ಪೆಟ್ಟಿಗೆ ತೊಡಿಸುವ ಆಸೆ ಇದ್ದರೆ ಮುಖದ ಭಾಗ ಪೂರ್ತಿ ತೆರೆದಿರಲಿ. ಎರಡು ಕಣ್ಣಿನ ತೂತಷ್ಟೇ ಇದ್ದರೆ ಒಳಗೆ ಸೆಕೆ, ಕಾಲ ಕೆಳಗಿನ ಮೆಟ್ಟಿಲೂ ಕಾಣುವುದಿಲ್ಲ.

ಆಟಕ್ಕೆ ನಯಾಪೈಸೆ ಖರ್ಚಿಲ್ಲ. 2023ರ ಆಗಸ್ಟ್ 23ರಂದು ಚಂದ್ರಯಾನ-3 ಚಂದ್ರನ ಮೇಲೆ ಇಳಿಯಿತಲ್ಲ, ಅದರಿಂದ ಹೊರಬಂದ ಪ್ರಜ್ಞಾನ್ ಕೂಡ ರೋಬೋನೇ. ಆರು ಚಕ್ರ, ತೂಕ 26 ಕೆಜಿ. ಅದಕ್ಕೆ ಆಜ್ಞೆ ಹೋಗುತ್ತಿದ್ದದ್ದು ಬೆಂಗಳೂರಿನಿಂದ. ಆಗಸ್ಟ್ 27ರಂದು ಅದರ ಮುಂದೆ ಮೂರು ಮೀಟರ್ ದೂರದಲ್ಲಿ ನಾಲ್ಕು ಮೀಟರ್ ಅಗಲದ ಕುಳಿ ಎದುರಾಯಿತು, ಬಂದ ದಾರಿಯಲ್ಲೇ ಹಿಂದಿರುಗು ಅಂತ ಇಲ್ಲಿಂದ ಹೇಳಿದರು. ಮಕ್ಕಳಿಗೆ ಇಷ್ಟು ಹೇಳಿ, ಅದನ್ನೇ ಆಡಿಸಿ. ಕುಂಟೆಬಿಲ್ಲೆಗೆ ಗೆರೆ ಎಳೆದ ಹಾಗೆ ಸೀಮೆಸುಣ್ಣದಲ್ಲಿ ಉದ್ದಕ್ಕೆ ಐದು, ಅಗಲಕ್ಕೆ ಐದು ಮನೆ ಬರೆಯಿರಿ, ಒಂದೊಂದು ಮನೆ ಒಂದು ಮೊಳ ಚೌಕ. ಆರು ಮನೆಗಳಲ್ಲಿ ಸ್ಟೀಲ್ ತಟ್ಟೆ ಇಟ್ಟರೆ ಅವು ಕುಳಿ. ದೂರದ ಮೂಲೆಯಲ್ಲಿ ಒಂದು ಕಲ್ಲು, ಕುಳಿ ತಪ್ಪಿಸಿ ಅದನ್ನು ಮುಟ್ಟುವುದೇ ಗುರಿ. ಅಪ್ಪನೋ ಮಾವನೋ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಪ್ರಜ್ಞಾನ್ ಆಗಲಿ. ಮಕ್ಕಳು ಕೊಡುವ ಆಜ್ಞೆ ಮೂರೇ: ಒಂದು ಮನೆ ಮುಂದೆ, ಎಡಕ್ಕೆ ತಿರುಗು, ಬಲಕ್ಕೆ ತಿರುಗು. ತಿರುಗು ಅಂದರೆ ನಿಂತಲ್ಲೇ ತಿರುಗುವುದು, ಹೆಜ್ಜೆ ಇಡುವಂತಿಲ್ಲ. ಇದನ್ನು ಮೊದಲೇ ಸ್ಪಷ್ಟ ಮಾಡದಿದ್ದರೆ ಜಗಳ ಖಂಡಿತ. ಇನ್ನೊಂದು, ಮಕ್ಕಳು ರೋಬೋದ ಎದುರಿಗೆ ನಿಂತರೆ ಅವರ ಎಡ ಇವರಿಗೆ ಬಲ. ಎಲ್ಲರನ್ನೂ ಬೆನ್ನ ಹಿಂದೆ ನಿಲ್ಲಿಸಿ. ಆಜ್ಞೆಗಳನ್ನು ಮೊದಲು ಚೀಟಿಯಲ್ಲಿ ಬರೆದು ಸಾಲಾಗಿ ಓದಿದರೆ ಅದು ಪ್ರೋಗ್ರಾಂ ಬರೆದ ಹಾಗೇ. ಎಲ್ಲಿ ತಪ್ಪಿತು ಅಂತ ಚೀಟಿ ಹಿಡಿದು ಹುಡುಕಬಹುದು.

ತಿಂಡಿಗೆ ನಮ್ಮ ಅಡುಗೆಮನೆಯಲ್ಲೇ ಬಿಡಿಭಾಗಗಳಿವೆ. ಚಕ್ಕುಲಿ ಸ್ಪ್ರಿಂಗು, ಕೋಡುಬಳೆ ವಾಷರು, ನಿಪ್ಪಟ್ಟು ಚಕ್ರ, ಶಾವಿಗೆ ಉಪ್ಪಿಟ್ಟು ವೈರು. ತಟ್ಟೆಗಳ ಮುಂದೆ ಹೆಸರಿನ ಚೀಟಿ ನಿಲ್ಲಿಸಿದರೆ ಆಯಿತು. ಹನ್ನೆರಡು ಮಕ್ಕಳಿಗೆ ಮುಕ್ಕಾಲು ಕೆಜಿ ಒಣ ಶಾವಿಗೆ. ಬೇಯಿಸುವ ನೀರಿಗೆ ಒಂದು ಚಮಚ ಎಣ್ಣೆ ಹಾಕಿ, ಬಸಿದ ಕೂಡಲೇ ತಣ್ಣೀರು ಹಾಯಿಸಿ, ಆಗ ವೈರು ಬಿಡಿಬಿಡಿಯಾಗಿ ಇರುತ್ತದೆ. ಮಷೀನಿಗೆ ಎಣ್ಣೆ ಬೇಕಲ್ಲ, ಅದು ಬೆಲ್ಲದ ಪಾನಕ. ಅರ್ಧ ಕೆಜಿ ಬೆಲ್ಲಕ್ಕೆ ಎರಡೂವರೆ ಲೀಟರ್ ನೀರು, ನಾಲ್ಕು ನಿಂಬೆಹಣ್ಣು, ಏಲಕ್ಕಿ, ಚಿಟಿಕೆ ಶುಂಠಿ. ಬಣ್ಣವೂ ಎಣ್ಣೆಯದೇ.

ಕೇಕು ಹತ್ತಿರದ ಬೇಕರಿಯಲ್ಲಿ ಒಂದು ಕೆಜಿ ಚೌಕಾಕಾರದ್ದು, ಮೇಲೆ ಬರೀ ಬಿಳಿ ಕ್ರೀಮು, ಏನೂ ಬರೆಯುವುದು ಬೇಡ ಅಂತ ಹೇಳಿ. ರೋಬೋ ಕೇಕು ಅಂದರೆ ಬೆಲೆಯೇ ಬೇರೆ. ಕಣ್ಣಿಗೆ ಎರಡು ಕ್ರೀಮ್ ಬಿಸ್ಕತ್ತು, ಬಾಯಿಗೆ ವೇಫರು, ಗುಂಡಿಗಳಿಗೆ ಜೆಮ್ಸ್. ಇವನ್ನು ಕತ್ತರಿಸುವ ಹತ್ತು ನಿಮಿಷ ಮುಂಚೆ ಇಡಿ. ಬೆಳಗ್ಗೆಯೇ ಇಟ್ಟು ಫ್ರಿಜ್ಜಿಗೆ ಸೇರಿಸಿದರೆ ಜೆಮ್ಸ್ ಬಣ್ಣ ಬಿಟ್ಟು ರೋಬೋ ಅಳುತ್ತಿರುವ ಹಾಗೆ ಕಾಣುತ್ತದೆ, ವೇಫರು ಮೆತ್ತಗಾಗುತ್ತದೆ. ಬೂದಿ ಅಥವಾ ಕಪ್ಪು ಕ್ರೀಮು ಕೇಳಬೇಡಿ, ಹಲ್ಲು, ನಾಲಿಗೆ, ಬಟ್ಟೆ ಎಲ್ಲ ಕಪ್ಪಾಗುತ್ತದೆ.

ಸಮಯ ಹೀಗಿರಲಿ. ನಾಲ್ಕೂವರೆಗೆ ಶುರು. ಎಲ್ಲರೂ ಬಂದು ಸೇರುವ ತನಕ ಡಬ್ಬಿಗೆ ಕಣ್ಣು, ಬಾಯಿ ಅಂಟಿಸುವ ಕೆಲಸ, ತಡವಾಗಿ ಬಂದವರಿಗೂ ನಷ್ಟವಿಲ್ಲ. ಐದಕ್ಕೆ ಚಂದ್ರನ ಆಟ, ಐದೂಕಾಲಿಗೆ ರೋಬೋ ಜೋಡಣೆ, ಆರಕ್ಕೆ ಕೇಕು, ತಿಂಡಿ. ಕೇಕನ್ನು ಮುಂಚೆ ಕತ್ತರಿಸಿದರೆ ಜಿಡ್ಡುಗೈಯಲ್ಲಿ ಟೇಪು ಹಿಡಿಯುವುದಿಲ್ಲ. ನಾಲ್ಕು ಮಕ್ಕಳಿಗೆ ಒಬ್ಬರಂತೆ ಮೂವರು ದೊಡ್ಡವರು ನೆಲದ ಮೇಲೇ ಕೂರಲಿ. ನಡುವೆ ಕರೆಂಟು ಹೋದರೂ ಇಲ್ಲಿ ಯಾವುದೂ ನಿಲ್ಲುವುದಿಲ್ಲ.

ಮಕ್ಕಳು ಹೊರಡುವಾಗ ಪ್ರತಿ ರೋಬೋದಿಂದ ಒಂದು ಸೆಲ್ಲು ತೆಗೆದು ದೊಡ್ಡವರ ಕೈಗೆ ಕೊಡಿ, ಇಲ್ಲದಿದ್ದರೆ ಚೀಲದೊಳಗೇ ಕುಣಿದು ಕುಣಿದು ಸೆಲ್ಲು ಮುಗಿದಿರುತ್ತದೆ. ಪೆನ್ನುಗಳ ಮೂರೂ ಕ್ಯಾಪು ಹಾಕಿಸಿ. ನೆಲದ ಮೇಲೆ ಉಳಿದ ಆ ಗೀಚು ಹಾಳೆಗಳ ಮೇಲೆ ಎಲ್ಲ ಮಕ್ಕಳ ಹೆಸರು ಬರೆಸಿ, ಹುಟ್ಟುಹಬ್ಬದ ಮಗುವಿನ ಕೋಣೆಯ ಗೋಡೆಗೆ ಅಂಟಿಸಿ. ನಮಸ್ಕಾರ.