ಟ್ರೈಲೋಬೈಟಿನ ಕಣ್ಣು

ಕೇಳುಗರಿಗೆ ನಮಸ್ಕಾರ.

ಪಳೆಯುಳಿಕೆ ಅಂದ ಕೂಡಲೇ ಎಲ್ಲರೂ ಡೈನೋಸಾರ್ ಬಗ್ಗೆಯೇ ಕೇಳುತ್ತಾರೆ. ಇವತ್ತೊಂದು ದಿನ ದಯವಿಟ್ಟು ಅದನ್ನು ಬದಿಗಿಡೋಣ. ಡೈನೋಸಾರ್‌ಗಳು ಹುಟ್ಟುವ ಮೊದಲೇ ಬಾಳಿ ಅಳಿದುಹೋದ ಕಡಲಜೀವಿ ಟ್ರೈಲೋಬೈಟ್. ಸುಮಾರು 52 ಕೋಟಿ ವರ್ಷಗಳ ಹಿಂದಿನ ಕಲ್ಲುಗಳಲ್ಲಿ ಮೊದಲು ಕಾಣುತ್ತದೆ, 25 ಕೋಟಿ ವರ್ಷಗಳ ಹಿಂದೆ ಕೊನೆಯಾಗುತ್ತದೆ. ಬೆನ್ನಿನ ಚಿಪ್ಪು ಉದ್ದಕ್ಕೆ ಮೂರು ಪಾಲು. ಹೆಸರು ಬಂದದ್ದು ಅದರಿಂದ. ಸಂಗ್ರಹಾಲಯದಲ್ಲಿ ಜನ ಆ ಬೆನ್ನನ್ನು ನೋಡಿ ಮುಂದೆ ಹೋಗಿಬಿಡುತ್ತಾರೆ. ಬೆನ್ನು ಬಿಡಿ ಸ್ವಾಮಿ, ಕಣ್ಣು ನೋಡಿ!

ಸತ್ತ ಪ್ರಾಣಿಯ ಕಣ್ಣು ಸಾಮಾನ್ಯವಾಗಿ ಮೊದಲು ಕೊಳೆಯುತ್ತದೆ. ಇದರ ಕಣ್ಣಿನ ಮಸೂರಗಳೋ, ಕ್ಯಾಲ್ಸೈಟ್. ಸುಣ್ಣಕಲ್ಲಿನಲ್ಲಿರುವ ಖನಿಜವೇ. ಹಾಗಾಗಿ ಉಳಿದವು.

ನಾನು ವಿದ್ಯಾರ್ಥಿಯಾಗಿದ್ದಾಗ ನಮ್ಮ ಮೇಷ್ಟ್ರು ಒಂದು ಟ್ರೈಲೋಬೈಟಿನ ಅಚ್ಚು ತಂದು ಮೇಜಿನ ಮೇಲಿಟ್ಟರು. ಎರ್ಬೆನೋಕೈಲಿ ಅಂತ ಹೆಸರು, ಮೊರಾಕೊದ ಕಲ್ಲಿನದು. "ಇದು ಹಗಲು ಓಡಾಡುತ್ತಿತ್ತೋ, ರಾತ್ರಿಯೋ? ಹೇಳ್ರೋ" ಅಂದರು. ಕೋಟಿಗಟ್ಟಲೆ ವರ್ಷದ ಹಿಂದಿನ ಹುಳದ ದಿನಚರಿ ನಮಗೇನು ಗೊತ್ತು? ಒಬ್ಬ ಹಗಲು ಅಂದ, ನಾನು ರಾತ್ರಿ ಅಂದೆ. ಮೇಷ್ಟ್ರು ಮಾತಾಡಲಿಲ್ಲ. ಕೋಣೆಯ ದೀಪ ಆರಿಸಿ, ಟಾರ್ಚನ್ನು ನೆತ್ತಿಯ ಮೇಲೆ ಹಿಡಿದರು. ಆ ಪ್ರಾಣಿಯ ಎರಡೂ ಕಣ್ಣು ಗೋಪುರದ ಹಾಗೆ ಎದ್ದಿವೆ, ಸಾಲುಸಾಲು ಮಸೂರ. ತುದಿಯಲ್ಲಿ ಟೋಪಿಯ ಅಂಚಿನಂತೆ ಒಂದು ಚಾಚು. ಬೆಳಕು ಬಿದ್ದದ್ದೇ ತಡ, ಆ ಚಾಚಿನ ನೆರಳು ಮಸೂರಗಳ ಮೇಲೆ ಇಳಿಯಿತು. "ಕತ್ತಲಲ್ಲಿ ಯಾರಾದರೂ ಕಣ್ಣಿಗೆ ಕೈ ಅಡ್ಡ ಹಿಡಿಯುತ್ತಾರೇನೋ?" ಅಂತ ನನ್ನ ಕಡೆ ತಿರುಗಿದರು.

ನೋಡಿ, ಒಂದು ಕಣ್ಣು ಎಷ್ಟು ಹೇಳಿತು! ಆ ಕಡಲತಳಕ್ಕೆ ಬಿಸಿಲು ತಲುಪುತ್ತಿತ್ತು. ಪ್ರಾಣಿ ಹಗಲು ಓಡಾಡುತ್ತಿತ್ತು. ಗೋಪುರ ಎಷ್ಟು ಎತ್ತರವೆಂದರೆ ತನ್ನ ಬೆನ್ನಿನಾಚೆಗೂ ಅದಕ್ಕೆ ಕಾಣುತ್ತಿತ್ತು. ಹಿಂದೆ ನೋಡಿಕೊಳ್ಳಬೇಕಾಗಿತ್ತು ಅಂದರೆ, ಹಿಂದಿನಿಂದ ಬರುವವರೂ ಇದ್ದರು.

ಗಾಜಿನಾಚೆಯಿಂದ ಆಗಲೇ ಕೈಸನ್ನೆ ಬರುತ್ತಿದೆ. ಚೆಂಡಿನಂತೆ ಸುರುಳಿ ಸುತ್ತಿಕೊಳ್ಳುತ್ತಿದ್ದದ್ದು, ಹಾವು ಪೊರೆ ಬಿಟ್ಟಂತೆ ಚಿಪ್ಪು ಕಳಚುತ್ತಿದ್ದದ್ದು, ನಮಗೆ ಸಿಗುವುದರಲ್ಲಿ ಎಷ್ಟೋ ಹಾಗೆ ಕಳಚಿದ ಚಿಪ್ಪುಗಳೇ ಎಂಬುದು, ಇವಕ್ಕೆಲ್ಲ ಈಗ ಸಮಯವಿಲ್ಲ. ಒಂದೇ ಮಾತು ಹೇಳಿಬಿಡುತ್ತೇನೆ, ಅದೂ ಕಣ್ಣಿನದೇ. ಕೆಲವು ಜಾತಿಗಳಿಗೆ ಕಣ್ಣೇ ಇಲ್ಲ. ಪೂರ್ವಜರಿಗೆ ಇತ್ತು, ಇವು ಕಳೆದುಕೊಂಡವು. ಬೆಳಕಿಲ್ಲದ ಆಳದ ಕೆಸರಿನಲ್ಲಿ ಕಣ್ಣು ಕಟ್ಟಿಕೊಂಡು ಏನು ಮಾಡುವುದು?

ನಮಸ್ಕಾರ.