ಕಳ್ಳತನದ ಚರಿತ್ರೆ ಪೊಲೀಸರಿಗೂ ಬೇಕು

ಕೇಳುಗರಿಗೆ ನಮಸ್ಕಾರ.

ಕಬ್ಬು ಕಡಿಯುವ ಕಾಲಕ್ಕೆ ನಮ್ಮ ಮಂಡ್ಯದ ನಾಲೆ ಏರಿಗಳ ಪಕ್ಕ ಹೊರಗಿನ ಕೂಲಿಯವರ ಗುಡಿಸಲು ಏಳುತ್ತವೆ. ಅದೇ ಹೊತ್ತಿಗೆ ಯಾರದೋ ಗದ್ದೆಯಲ್ಲಿ ಪಂಪ್‌ಸೆಟ್ಟಿನ ಕೇಬಲ್ ಕಳುವಾಯಿತು ಅಂದುಕೊಳ್ಳಿ. ಊರಿನ ಅನುಮಾನ ಮೊದಲು ಎತ್ತ ತಿರುಗುತ್ತದೆ? ಆ ಗುಡಿಸಲುಗಳ ಕಡೆಗೆ, ಅಲ್ವಾ?

ಇಂಥ ಅನುಮಾನಕ್ಕೆ ಒಂದು ಕಾಲದಲ್ಲಿ ಕಾನೂನಿನ ಮುದ್ರೆಯೇ ಇತ್ತು. 1871ರಲ್ಲಿ ಬ್ರಿಟಿಷ್ ಸರ್ಕಾರ ಅಪರಾಧಿ ಬುಡಕಟ್ಟುಗಳ ಕಾಯ್ದೆ ತಂದಿತು. 1911ರ ಕಾಯ್ದೆಯಿಂದ ಅದು ಮದ್ರಾಸ್ ಪ್ರಾಂತ್ಯಕ್ಕೂ ಬಂತು. ಒಂದು ಸಮುದಾಯ ಪಟ್ಟಿಗೆ ಸೇರಿತೆಂದರೆ ಮುಗಿಯಿತು. ಕದ್ದಿರಲಿ, ಬಿಡಲಿ, ಹೆಸರು ಬರೆಸಬೇಕು. ಠಾಣೆಗೆ ಹಾಜರಿ ಹಾಕಬೇಕು. ಪರವೂರಿಗೆ ಹೋಗಲು ಪಾಸು ಬೇಕು. ಪಟ್ಟಿಗೆ ಸೇರಿಸಿದ್ದು ತಪ್ಪು ಅಂತ ಕೋರ್ಟಿಗೆ ಹೋಗುವ ಹಾಗೂ ಇರಲಿಲ್ಲ.

ಮದ್ರಾಸ್ ಪ್ರಾಂತ್ಯದ ಕೊರಚರನ್ನೇ ನೋಡಿ. ಎತ್ತು, ಕತ್ತೆಗಳ ಮೇಲೆ ಉಪ್ಪು, ದವಸ ಹೇರಿಕೊಂಡು ಊರೂರು ತಿರುಗಿ ಮಾರುತ್ತಿದ್ದ ಜನ. ಸರ್ಕಾರ ಉಪ್ಪಿನ ಮೇಲೆ ಹಿಡಿತ ಬಿಗಿ ಮಾಡಿತು. ರೈಲು ಬಂದು ಸರಕನ್ನೆಲ್ಲ ಹೊತ್ತೊಯ್ದಿತು. ಹೊಟ್ಟೆಪಾಡು ಹೋಯಿತು, ತಿರುಗಾಟ ಉಳಿಯಿತು. ಆ ತಿರುಗಾಟವನ್ನೇ ಅಪರಾಧದ ಗುರುತು ಮಾಡಿದರು. ಅನ್ನ ಕಿತ್ತುಕೊಂಡವರೇ ಕಳ್ಳರ ಪಟ್ಟಿ ಬರೆದರು ಅನ್ನುವುದು ನನ್ನನ್ನು ಇವತ್ತಿಗೂ ಕಾಡುತ್ತದೆ.

1952ರಲ್ಲಿ ಆ ಕಾಯ್ದೆ ರದ್ದಾಯಿತು. ಆದರೆ ರೂಢಿಗತ ಅಪರಾಧಿಗಳ ಕಾಯ್ದೆಗಳು ಬಂದವು; ನಮ್ಮ ರಾಜ್ಯದ್ದು 1961ರದ್ದು. ಇವು ಹುಟ್ಟನ್ನು ನೋಡದೆ ಶಿಕ್ಷೆಯಾದದ್ದನ್ನು ನೋಡುತ್ತವೆ, ನಿಜ. ಹಳೆಯ ಕಣ್ಣು ಮಾತ್ರ ಅಷ್ಟು ಸುಲಭಕ್ಕೆ ಹೋಗಲಿಲ್ಲ. 2024ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಜೈಲಿನ ರಿಜಿಸ್ಟರುಗಳಿಂದ ಜಾತಿಯ ಕಾಲಮ್ಮನ್ನೇ ತೆಗೆಯಿರಿ ಎಂದು ಹೇಳಬೇಕಾಯಿತು. ಸ್ವಾತಂತ್ರ್ಯ ಬಂದು 77 ವರ್ಷ ಆದಮೇಲೆ!

ಪೊಲೀಸ್ ಅಧಿಕಾರಿಗಳಿಗೆ ತರಬೇತಿ ಕೊಡುವ ಕರ್ನಾಟಕ ಪೊಲೀಸ್ ಅಕಾಡೆಮಿ ಇಲ್ಲೇ ಮೈಸೂರಿನಲ್ಲಿದೆ. ಹೊಸ ಅಧಿಕಾರಿಗಳು ಈ ಚರಿತ್ರೆಯನ್ನು ಸುಮ್ನೆ ಪರೀಕ್ಷೆಗಲ್ಲ, ತನಿಖೆಗಾಗಿ ಓದಬೇಕು. ಕೇಬಲ್ ಕದಿಯುವುದು ಒಳಗಿನ ತಾಮ್ರಕ್ಕಾಗಿ. ತಾಮ್ರ ಕೊಳ್ಳುವವರು ಯಾರು? ಗುಜರಿ ಅಂಗಡಿಗೆ ಅದನ್ನು ತಂದು ಹಾಕಿದವರು ಯಾರು? ಅಲ್ಲಿಂದ ಮುಂದೆ ಅದು ಎಲ್ಲಿಗೆ ಹೋಯಿತು? ಗುಡಿಸಲಿಗೆ ನುಗ್ಗುವ ಮೊದಲು ಇಷ್ಟನ್ನು ವಿಚಾರಿಸಿ, ಡೈರಿಯಲ್ಲಿ ಬರೆಯಬೇಕು. ಗುಡಿಸಲಿನವರನ್ನು ಕರೆದೊಯ್ಯುವುದಾದರೆ, ಅವರ ವಿರುದ್ಧ ಸಿಕ್ಕ ಸುಳಿವು ಏನು ಅನ್ನುವುದನ್ನೂ ಅದೇ ಪುಟದಲ್ಲಿ ಬರೆಯಬೇಕು.

ನಮಸ್ಕಾರ.